ಪದಚರ್ಚೆ: ಫ್ರೀ ಸಾಫ್ಟ್‌ವೇರ್ ‘ಉಚಿತ’ವೋ, ‘ಮುಕ್ತ’ವೋ, ‘ಸ್ವತಂತ್ರ’ವೋ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರುಗಳಿಗೆ ಒಂದು ದಿನದ ಕಂಪ್ಯೂಟರ್ ತರಬೇತಿ ಇಟ್ಟುಕೊಂಡಿದ್ದೇವೆ. ಅದಕ್ಕೆ ಎಂಟು ಪುಟದ ಕೈಪಿಡಿ ಬರೆದೆ. ತಲೆಬರಹ ‘ಸ್ವತಂತ್ರ ತಂತ್ರಾಂಶ’, ಅಂದರೆ ಫ್ರೀ ಸಾಫ್ಟ್‌ವೇರ್: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್. ಪ್ರೆಸ್ಸಿನ ಯಜಮಾನರು ಪ್ರೂಫ್ ನೋಡಿ, “ಇದು ಯಾರಿಗೆ ತಿಳಿತೈತ್ರಿ? ಸುಮ್ನೆ ಬಿಟ್ಟಿ ಸಾಫ್ಟ್‌ವೇರ್ ಅಂತ ಹಾಕ್ರಿ, ಜನ ಬರ್ತಾರೆ” ಎಂದರು. ನಕ್ಕು ಬಂದೆ. ಆದರೆ ಆ ‘ಬಿಟ್ಟಿ’ ತಲೆಯಲ್ಲೇ ಕೂತಿತು.

ಬಿಟ್ಟಿ ಬಂದದ್ದು ಸಂಸ್ಕೃತದ ‘ವಿಷ್ಟಿ’ಯಿಂದ. ಕೂಲಿ ಕೊಡದೆ ಬಲವಂತವಾಗಿ ಮಾಡಿಸುವ ದುಡಿಮೆ ಎಂದು ಅದರ ಅರ್ಥ. ‘ಬಿಟ್ಟಿ ಚಾಕರಿ’ ಎನ್ನುವಾಗ ಆ ಹಳೆಯ ಅರ್ಥ ಈಗಲೂ ಇದೆ. ಸ್ವಾತಂತ್ರ್ಯ ಹೇಳಬೇಕಾದ ಕಡೆ ಜೀತದ ಪದ! (ಸಂಬಳವಿಲ್ಲದೆ ನಿದ್ದೆಗೆಟ್ಟು ಇಂಥ ತಂತ್ರಾಂಶಗಳನ್ನು ನೋಡಿಕೊಳ್ಳುವವರು ‘ಬಿಟ್ಟಿ’ಯೇ ಸರಿ ಎಂದಾರು, ಅದು ಬೇರೆ ಮಾತು.)

‘ಉಚಿತ’ದ ಮೂಲ ಅರ್ಥ ತಕ್ಕದ್ದು, ಸರಿಯಾದದ್ದು. ಸಮಯೋಚಿತ, ಉಚಿತಾನುಚಿತ ಇವುಗಳಲ್ಲಿ ಅದು ಉಳಿದಿದೆ. ಆದರೆ ಇವತ್ತು ಬೋರ್ಡಿನ ಮೇಲೆ ಉಚಿತ ಎಂದರೆ ದುಡ್ಡು ಬೇಡ ಅಂತ ಅಷ್ಟೇ. ಫ್ರೀ ಸಾಫ್ಟ್‌ವೇರ್ ವಿಷಯದಲ್ಲಿ ಇದು ತಪ್ಪು. ಅದನ್ನು ಮಾರಬಹುದು. ಈ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಅವರೇ ಮೊದಲು ತಮ್ಮ ಇಮ್ಯಾಕ್ಸ್ ಎಂಬ ಬರಹ ತಿದ್ದುವ ಸಾಫ್ಟ್‌ವೇರಿನ ಟೇಪುಗಳನ್ನು 150 ಡಾಲರಿಗೆ ಮಾರುತ್ತಿದ್ದರು.

ಇನ್ನು ‘ಮುಕ್ತ’. ಮುಕ್ತ ವಿಶ್ವವಿದ್ಯಾಲಯ ಫೀಸು ತೆಗೆದುಕೊಳ್ಳುತ್ತದೆ, ಹಾಗಾಗಿ ದುಡ್ಡಿನ ಗೊಂದಲ ಇಲ್ಲ. ಆದರೆ ‘ಪ್ಲಾಸ್ಟಿಕ್ ಮುಕ್ತ’ ಇದೆಯಲ್ಲ! ಪದಗಳು ಹಿಂದುಮುಂದಾಗಿ ‘ತಂತ್ರಾಂಶ ಮುಕ್ತ ಶಾಲೆ’ ಎಂದಾದರೆ ಕಥೆ ಮುಗಿಯಿತು. ಅದಕ್ಕಿಂತ ದೊಡ್ಡ ತೊಡಕು, ಓಪನ್ ಸೋರ್ಸ್‌ಗೂ (ಮೂಲ ಕೋಡ್ ತೆರೆದಿಟ್ಟ ಸಾಫ್ಟ್‌ವೇರ್) ನಾವು ಮುಕ್ತ ಎಂದೇ ಹೇಳುತ್ತೇವೆ. ಇವೆರಡೂ ಒಂದೇನಾ? ಅಲ್ಲಿಂದಲೇ ಜಗಳ ಶುರು.

ಸ್ಟಾಲ್‌ಮನ್ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹುಟ್ಟಿದ್ದು 1985ರಲ್ಲಿ, ಅದರ ವ್ಯಾಖ್ಯೆ ಅಚ್ಚಾದದ್ದು 1986ರಲ್ಲಿ. ಈಗ ಅದು ನಾಲ್ಕು ಸ್ವಾತಂತ್ರ್ಯ ಹೇಳುತ್ತದೆ, ಎಣಿಕೆ 0ಯಿಂದ: ಯಾವ ಕೆಲಸಕ್ಕಾದರೂ ಬಳಸುವುದು, ಓದಿ ತಿದ್ದುವುದು, ಹಂಚುವುದು, ತಿದ್ದಿದ್ದನ್ನೂ ಹಂಚುವುದು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಕಟ್ಟುವ ಸ್ವಯಂಸೇವಕರು 1997ರಲ್ಲಿ ತಮ್ಮದೇ ಸೂತ್ರ ಬರೆದರು. ಮರುವರ್ಷ ಬಂದ ಓಪನ್ ಸೋರ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆ ಅದನ್ನೇ ತುಸು ಬದಲಿಸಿ ಇಟ್ಟುಕೊಂಡಿತು. ಯಾವ ಲೈಸೆನ್ಸ್ (ಬಳಕೆಯ ಕರಾರು) ಸರಿ ಎಂಬುದರಲ್ಲಿ ಮೂವರ ತೀರ್ಪೂ ಎಷ್ಟೋ ಸಲ ಒಂದೇ. ಆದರೆ ಫೌಂಡೇಶನ್ ತಾನೇ ಸಾಫ್ಟ್‌ವೇರ್ ಕೈಪಿಡಿಗಳಿಗೆಂದು ಬರೆದ ಲೈಸೆನ್ಸನ್ನು, ಬದಲಿಸಬಾರದ ಭಾಗಗಳಿದ್ದರೆ ಫ್ರೀ ಅಲ್ಲ ಎಂದು 2006ರಲ್ಲಿ ಡೆಬಿಯನ್ ಮತ ಹಾಕಿ ತೀರ್ಮಾನಿಸಿತು. ಮಗನೇ ಅಪ್ಪನ ಲೆಕ್ಕ ತಪ್ಪು ಎಂದ ಹಾಗೆ.

ಇನ್ನೊಂದು ತಮಾಷೆ. ಜೇಸನ್ (JSON, ಮಾಹಿತಿಯನ್ನು ಬರೆದಿಡುವ ಒಂದು ಕ್ರಮ) ಸಾಫ್ಟ್‌ವೇರಿಗೆ ಬರೆದ ಲೈಸೆನ್ಸಿನಲ್ಲಿ ‘ಒಳ್ಳೆಯದಕ್ಕೆ ಬಳಸಿ, ಕೆಟ್ಟದ್ದಕ್ಕಲ್ಲ’ ಎಂಬ ಅರ್ಥದ ಒಂದು ಸಾಲಿದೆ. ಆ ಒಂದು ಸಾಲಿಗೇ ಅದು ಫ್ರೀ ಅಲ್ಲ ಎಂದಾಯಿತು. ಬಳಕೆಗೆ ಷರತ್ತು ಹಾಕಿದೆ, ಅಲ್ವಾ? ‘ಉಚಿತ’ವಾದ ಮಾತು, ಆದರೆ ‘ಸ್ವತಂತ್ರ’ ಅಲ್ಲ.

ಯಾವುದು ಫ್ರೀ, ಯಾವುದು ಓಪನ್ ಎಂದು ಹೇಳಲು ಈ ಮೂವರಿಗೆ ಅಧಿಕಾರ ಕೊಟ್ಟವರು ಯಾರು? ಯಾರೂ ಇಲ್ಲ. ‘ಓಪನ್ ಸೋರ್ಸ್’ ಎಂಬ ಮಾತಿಗೆ ಟ್ರೇಡ್‌ಮಾರ್ಕ್ ಕೂಡ ಸಿಗಲಿಲ್ಲ. ಯಾವ ಊರಿನ ಯಾವ ಗಲ್ಲಿಯಲ್ಲೂ ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡು ನೇತುಹಾಕಬಹುದು. ನಾವು ತಿಂದು ಮುಖ ಸಿಂಡರಿಸಬಹುದು, ಅಷ್ಟೇ. ಇಲ್ಲೂ ಬಹುಪಾಲು ಹಾಗೆಯೇ ನಡೆಯುತ್ತಿದೆ.

ಹಾಗಾಗಿ ಕನ್ನಡದಲ್ಲಿ ಫ್ರೀಗೆ ‘ಸ್ವತಂತ್ರ’, ಓಪನ್ ಸೋರ್ಸ್‌ಗೆ ಮಾತ್ರ ‘ಮುಕ್ತ’ ಎಂದು ಬೇರೆ ಇಡುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ. ಮಲಯಾಳಿಗಳು ಆಗಲೇ ‘ಸ್ವತಂತ್ರ’ವನ್ನೇ ಬಳಸುತ್ತಾರೆ. ನನ್ನ ಅಳುಕು ಎರಡು. ‘ಸ್ವತಂತ್ರ ತಂತ್ರಾಂಶ’ದಲ್ಲಿ ತಂತ್ರ ಎರಡು ಸಲ ಬಂದು ನಾಲಿಗೆ ತೊಡರುತ್ತದೆ. ಇನ್ನೊಂದು, ತಲೆಬರಹ ನೋಡಿದ ಮೇಷ್ಟ್ರೊಬ್ಬರು “ಅಂದ್ರೆ ನೆಟ್ ಇಲ್ದೇನೂ ಓಡುತ್ತೇನ್ರಿ?” ಎಂದು ಕೇಳಿದರು. ಯಾವುದನ್ನೂ ನೆಚ್ಚದೆ ತಾನೇ ನಡೆಯುವುದು ಎಂದು ಅವರು ತಿಳಿದಿದ್ದರು. ತಪ್ಪು ಅವರದ್ದಲ್ಲ.

‘ಸ್ವತಂತ್ರ ಸಾಫ್ಟ್‌ವೇರ್’ ಎಂದರೆ ನಾಲಿಗೆಯ ತೊಡಕು ತಪ್ಪುತ್ತದೆ, ಮೇಷ್ಟ್ರ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ನಿಮ್ಮ ಬಳಿ ಏನಾದರೂ ಇದೆಯೇ? ಸೋಮವಾರ ಪ್ರೂಫ್ ವಾಪಸ್ ಕೊಡಬೇಕು. ಇಲ್ಲದಿದ್ದರೆ ಯಜಮಾನರು ‘ಬಿಟ್ಟಿ’ ಅಚ್ಚು ಹಾಕಿಯೇ ಬಿಡುತ್ತಾರೆ.