ಕಾಫಿ ಹೌಸ್‌ಗೂ ಅಡಿಸನ್–ಸ್ಟೀಲ್ ಪ್ರಬಂಧಕ್ಕೂ ಕೊಂಡಿ ಎಲ್ಲಿ?

ಗಿರಿಸಾಲು (ಚಿಕ್ಕಮಗಳೂರು):
ಬಿ.ಎ. ಐಚ್ಛಿಕ ಇಂಗ್ಲಿಷ್, ಸಾಹಿತ್ಯ ಚರಿತ್ರೆ. ಹತ್ತು ಅಂಕದ ಪ್ರಶ್ನೆ: 18ನೇ ಶತಮಾನದ ಸಾಮಾಜಿಕ ಹಿನ್ನೆಲೆಯಲ್ಲಿ ಪತ್ರಿಕಾ ಪ್ರಬಂಧ. ಗೈಡ್‌ನಲ್ಲಿ "ಕಾಫಿ ಹೌಸ್ ಹೆಚ್ಚಿದವು, ಮಧ್ಯಮ ವರ್ಗ ಬೆಳೆಯಿತು, ಅಡಿಸನ್, ಸ್ಟೀಲ್ ಬರೆದರು" ಅಂತಷ್ಟೇ ಇದೆ. ಲಂಡನ್ನಿನಲ್ಲಿ ಕಾಫಿ ಹೌಸ್ ಶುರುವಾಗಿದ್ದು 1652ರಲ್ಲಿ, ಸ್ಟೀಲ್‌ನ ಪತ್ರಿಕೆ 'ಟ್ಯಾಟ್ಲರ್' ಬಂದಿದ್ದು 1709ರಲ್ಲಿ. ಅಷ್ಟು ವರ್ಷ ಯಾಕೆ ಬೇಕಾಯ್ತು?

ಹೇಮಾವತಿ_ದಂಡೆ (ಹಾಸನ):
ಗೈಡ್ ಬಿಟ್ಟಿರುವುದು ಕಾನೂನನ್ನು. 1662ರ ಕಾಯ್ದೆಯಂತೆ ಅಚ್ಚಿಗೆ ಮುಂಚೆ ಅನುಮತಿ ಬೇಕಿತ್ತು. ಕಾಫಿ ಹೌಸ್ ಹರಟೆಗೂ ದೊರೆ ಹೆದರುತ್ತಿದ್ದ: ಎರಡನೇ ಚಾರ್ಲ್ಸ್ 1675ರ ಡಿಸೆಂಬರ್‌ನಲ್ಲಿ ಅವನ್ನು ಮುಚ್ಚಲು ಆಜ್ಞೆ ಹೊರಡಿಸಿ, ಗಲಾಟೆಯಾದ ಮೇಲೆ ಜನವರಿಯಲ್ಲಿ ಹಿಂತೆಗೆದುಕೊಂಡ. 1695ರಲ್ಲಿ ಪಾರ್ಲಿಮೆಂಟ್ 1662ರ ಆ ಪರವಾನಗಿ ಕಾಯ್ದೆಯನ್ನು ನವೀಕರಿಸಲಿಲ್ಲ. 1702ಕ್ಕೆ ದಿನಪತ್ರಿಕೆಯೇ ಬಂತು. ಮಾತಾಡುವ ಜಾಗ ಮೊದಲೇ ಇತ್ತು, ಅಲ್ಲಿಗೆ ಬರುವ ಕಾಗದ ಆಮೇಲೆ ಬಂತು. ನಿಮ್ಮ ಉತ್ತರ 1695ರಿಂದಲೇ ಶುರುವಾಗಲಿ.

ಹಳೇ_ಪುಟ (ಸಕಲೇಶಪುರ):
ಇದಕ್ಕೆ ಪತ್ರಿಕೆಯ ರೂಪವನ್ನೂ ಸೇರಿಸಿ, ಅಂಕ ಇರುವುದು ಅಲ್ಲೇ. 'ಟ್ಯಾಟ್ಲರ್' ಮೊದಲ ಸಂಚಿಕೆಯಲ್ಲೇ ಸ್ಟೀಲ್ ವಿಷಯಗಳನ್ನು ಕಾಫಿ ಹೌಸ್‌ಗಳಿಗೇ ಹಂಚಿದ: ವಿಲ್ಸ್‌ಗೆ ಕಾವ್ಯ, ಗ್ರೀಷಿಯನ್‌ಗೆ ವಿದ್ವತ್ತು, ಸೇಂಟ್ ಜೇಮ್ಸ್‌ಗೆ ಸುದ್ದಿ, ವೈಟ್ಸ್ ಚಾಕೊಲೇಟ್ ಹೌಸ್‌ಗೆ ರಸಿಕರ ಸಂಗತಿ. ವಾರಕ್ಕೆ ಮೂರು ಸಲ, ಅಂಚೆ ಹೊರಡುವ ದಿನಗಳಂದೇ ಬರುತ್ತಿತ್ತು. ಅಡಿಸನ್, ಸ್ಟೀಲ್ ಸೇರಿ ನಡೆಸಿದ 'ಸ್ಪೆಕ್ಟೇಟರ್' (1 ಮಾರ್ಚ್ 1711ರಿಂದ) ಭಾನುವಾರ ಬಿಟ್ಟು ದಿನಾ ಬಂತು. ಬೆಲೆ ಒಂದು ಪೆನ್ನಿ, ಅರ್ಧ ಹಾಳೆ, ಎರಡೂ ಮಗ್ಗುಲಿಗೆ ಅಚ್ಚು, ಸಾಮಾನ್ಯವಾಗಿ ಒಂದೇ ಪ್ರಬಂಧ, ಕೊನೆಗೆ ಜಾಹೀರಾತು. ಒಂದು ಕಪ್ ಮುಗಿಯುವಷ್ಟರಲ್ಲಿ ಓದಿ ಮುಗಿಸುವ ಅಳತೆ ಬಂದದ್ದು ಈ ಹಾಳೆಯಿಂದ.

ದಿನಾ 3,000 ಪ್ರತಿ, ಪ್ರತಿಗೆ 20 ಓದುಗರು ಎಂಬುದು 'ಸ್ಪೆಕ್ಟೇಟರ್'ನ 10ನೇ ಸಂಚಿಕೆಯಲ್ಲಿ ಅಡಿಸನ್ ತಾನೇ ಹಾಕಿದ ಲೆಕ್ಕ. ಅದನ್ನು ಗಣತಿ ಎಂಬಂತೆ ಬರೆಯಬೇಡಿ. ಅದೇ ಸಂಚಿಕೆಯಲ್ಲಿ ಟೀ ಟೇಬಲ್ಲಿನ ಹೆಂಗಸರನ್ನೂ ಓದಲು ಕರೆಯುತ್ತಾನೆ. ಕಾಫಿ ಹೌಸ್ ಬಹುಮಟ್ಟಿಗೆ ಗಂಡಸರದು, ಪತ್ರಿಕೆ ಮಾತ್ರ ಮನೆಯೊಳಗೂ ಹೋಯಿತು. ಹೆಚ್ಚಿನವರು ಈ ಮಾತನ್ನೇ ಬಿಡುತ್ತಾರೆ.

ಗಿರಿಸಾಲು:
ನಮ್ಮ ಬಾಬಾಬುಡನ್ ಗಿರಿಯ ಕಾಫಿಯನ್ನು ಸೇರಿಸಬಹುದೇ?

ಹೇಮಾವತಿ_ದಂಡೆ:
ಬೇಡ, ಆಸೆಯಾದರೂ ಬೇಡ! ಆಗ ಲಂಡನ್ನಿಗೆ ಮುಖ್ಯವಾಗಿ ಬರುತ್ತಿದ್ದದ್ದು ಯೆಮನ್‌ನ ಮೋಕಾ ಬಂದರಿನ ಕಾಫಿ. ಆ ಜಾಗದಲ್ಲಿ ತೆರಿಗೆಯ ವಿಷಯ ಬರೆಯಿರಿ. 1712ರ ಆಗಸ್ಟ್‌ನಿಂದ ಅರ್ಧ ಹಾಳೆಗೆ ಅರ್ಧ ಪೆನ್ನಿ ಸ್ಟಾಂಪ್ ಸುಂಕ ಬಿತ್ತು, ಎಷ್ಟೋ ಪತ್ರಿಕೆ ನಿಂತವು. ಎರಡು ಪೆನ್ನಿಗೆ ಏರಿದ 'ಸ್ಪೆಕ್ಟೇಟರ್' ಡಿಸೆಂಬರ್ 6ರವರೆಗೆ, 555ನೇ ಸಂಚಿಕೆವರೆಗೆ ನಡೆಯಿತು. ವಿಲ್ಸ್ ಎಂದ ಕೂಡಲೇ, ಹಿಂದೆ ಅಲ್ಲಿ ಕೂರುತ್ತಿದ್ದ ಕವಿ ಡ್ರೈಡನ್‌ನನ್ನು ಅಡಿಸನ್, ಸ್ಟೀಲ್ ಜತೆ ಕೂರಿಸಬೇಡಿ, ಅವನು 1700ರಲ್ಲೇ ತೀರಿಕೊಂಡಿದ್ದ.