ಸಹಾಯ ಬೇಕು: ಸಮಯ ಹೆಚ್ಚು ಕೊಟ್ಟರೆ ತಿದ್ದುವ ಚಟ ಮರಳುತ್ತಿದೆ

ಹೊಸದಾಗಿ ಚಿತ್ರ ಬರೆಯಲು ಕಲಿಯುವವರಿಗೆ ಅಭ್ಯಾಸಕ್ರಮ ಸಿದ್ಧಪಡಿಸುತ್ತಿದ್ದೇವೆ. ಒಂದು ಕಡೆ ಗಂಟು ಬಿದ್ದಿದೆ, ಕಲಿಸಿ ಗೊತ್ತಿರುವವರು ದಾರಿ ತೋರಿಸಿ.

ಈಗಿನ ಕ್ರಮ: ಪೆನ್ಸಿಲ್ ಬದಲು ಬಾಲ್‌ಪೆನ್, ಸ್ಕೆಚ್‌ಬುಕ್ ಬದಲು ಬಿಡಿ ಹಾಳೆ (ಚೆಂದದ ಪುಸ್ತಕ ಕೊಟ್ಟರೆ ಮೊದಲ ಪುಟದಲ್ಲೇ ಕೈ ಕಟ್ಟುತ್ತದೆ). ಎದುರಿಗಿರುವ ವ್ಯಕ್ತಿಯ ಭಂಗಿ ಬರೆಯಬೇಕು: ತಲಾ 30 ಸೆಕೆಂಡಿನ 10 ಭಂಗಿಗಳು, ಆಮೇಲೆ ತಲಾ 2 ನಿಮಿಷದ 5. ಟೈಮರ್ ಹೊಡೆದ ಕೂಡಲೇ ಹಾಳೆ ಬದಲು. ತಲೆಯಿಂದ ಪಾದದವರೆಗಿನ ಬಾಗು ಮೊದಲು. ಕಣ್ಣು, ಮೂಗು ಬೇಡವೇ ಬೇಡ. ಗೆರೆ ತಪ್ಪಿದರೆ ಪಕ್ಕದಲ್ಲೇ ಇನ್ನೊಂದು ಎಳೆಯಬೇಕು. ತಪ್ಪು ಗೆರೆ ಕಾಣುತ್ತಿದ್ದರೆ ಎಷ್ಟು ತಪ್ಪಿತೆಂದು ಅಳೆಯಬಹುದು. ಅಳಿಸಿಬಿಟ್ಟರೆ ಅದೇ ಗೆರೆ ಮತ್ತೆ ಅಲ್ಲೇ ಬೀಳುತ್ತದೆ.

ಇಲ್ಲಿಯವರೆಗೆ ಸಲೀಸು. 20 ನಿಮಿಷದ ಚಿತ್ರಕ್ಕೆ ಬಂದಾಗಲೇ ತೊಡಕು. ಒಂದೇ ಕಣ್ಣನ್ನು ತಿದ್ದುತ್ತಾ ಕೂರುತ್ತಾರೆ, ತೋಳು ಆಡಿಸುವುದು ಬಿಟ್ಟು ಮಣಿಕಟ್ಟಿನಿಂದ ತುಂಡು ತುಂಡು ಗೆರೆ ಗೀಚುತ್ತಾರೆ. ಕೊನೆಗೆ ಕಣ್ಣು ಚೆನ್ನಾಗಿರುತ್ತದೆ, ಆದರೆ ಮುಖದಲ್ಲಿ ಇರಬೇಕಾದ ಜಾಗದಲ್ಲಿ ಇರುವುದಿಲ್ಲ!

ಮೊದಲ 5 ನಿಮಿಷ ಬರೀ ಅಳತೆ, ನಂತರ 10 ಆಕಾರ, ಕೊನೆಯ 5 ವಿವರ ಎಂದು ಒಡೆದರೆ ಸಾಕೇ? ಅಥವಾ ನಡುವೆ 5 ಮತ್ತು 10 ನಿಮಿಷದ ಚಿತ್ರಗಳ ಹಂತ ಬೇಕೇ? ರಬ್ಬರನ್ನು ಯಾವಾಗ ವಾಪಸ್ ಕೊಡುತ್ತೀರಿ? ದಯವಿಟ್ಟು ನಿಮಿಷಗಳ ಲೆಕ್ಕದ ಸಮೇತ ತಿಳಿಸಿ.