ಅಪ್‌ಡೇಟ್: ಫ್ರೆಂಚ್ ಆಂಪಾರ್ಫೆ ಈಗ ಅರ್ಥವಾಗಿದೆ

ಫ್ರೆಂಚ್‌ನ ಭೂತಕಾಲದಲ್ಲಿ ಆಂಪಾರ್ಫೆ (ಆಗ ನಡೆಯುತ್ತಿದ್ದುದನ್ನು ಅಥವಾ ಇದ್ದ ಸ್ಥಿತಿಯನ್ನು ಹೇಳುವ ಕ್ರಿಯಾಪದ) ರೂಪ ಹೇಗೆ ಮಾಡೋದು, ಯಾವಾಗ ಬಳಸೋದು ಅಂತ ಹೋದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ರೂಪ ಸುಲಭ. ವರ್ತಮಾನದ 'ನು ಫಿನಿಸೋಂ' (ನಾವು ಮುಗಿಸುತ್ತೇವೆ) ಅನ್ನುವುದರಲ್ಲಿ ಕೊನೆಯ 'ಓಂ' ತೆಗೆದು 'ಎ' ಸೇರಿಸಿದರೆ 'ಝ ಫಿನಿಸೆ', ಅಂದರೆ ಮುಗಿಸುತ್ತಿದ್ದೆ. ಈ ದಾರಿಗೆ ಬರದಿರುವುದು 'ಎತ್ರ್' (ಇರು) ಒಂದೇ. ಅದು 'ಝೆತೆ' (ನಾನು ಇದ್ದೆ) ಆಗುತ್ತದೆ. ನಾನು, ನೀನು, ಅವನು, ಅವರು ನಾಲ್ಕಕ್ಕೂ ಕೊನೆಯ ಉಚ್ಚಾರ ಒಂದೇ, ಬರವಣಿಗೆಯಲ್ಲಿ ಮಾತ್ರ ಮೂರು ಬಗೆ.

ಬಳಕೆಗೆ ಕನ್ನಡವೇ ಜಾಸ್ತಿ ನೆರವಾಯ್ತು. 'ದಿನಾ ಹೋಗುತ್ತಿದ್ದೆ' ಆಂಪಾರ್ಫೆ, 'ನಿನ್ನೆ ಹೋದೆ' ಪಾಸೆ ಕೊಂಪೋಜೆ, ಅಂದರೆ ಮುಗಿದುಹೋದ ಕೆಲಸ ಹೇಳುವ ಇನ್ನೊಂದು ಭೂತಕಾಲ ರೂಪ. ಆದರೆ ಒಂದು ಕಡೆ ಮತ್ತೆ ಎಡವಿದೆ. 'ನನಗೆ ಗೊತ್ತಿತ್ತು' ಅನ್ನುವಲ್ಲಿ 'ಉತ್ತಿದ್ದ' ಇಲ್ಲ ಅಲ್ವಾ? ಆದರೂ ಅಲ್ಲಿ 'ಝ ಸಾವೆ' ಅಂತ ಆಂಪಾರ್ಫೆಯೇ ಬರಬೇಕು, ಯಾಕಂದ್ರೆ ಅದು ಆಗ ಇದ್ದ ಸ್ಥಿತಿ.